ಗಾಳಿಗೆ ಬಿದ್ದ ನುಗ್ಗೆಮರ

ಮೂವತ್ತೊಂದು ವರ್ಷ ಕೇಂದ್ರ ಸರ್ಕಾರದ ಕಡತಗಳಲ್ಲಿ ಟಿಪ್ಪಣಿ ಬರೆದವನು ನಾನು. ಕಾಗದದ ಮೇಲೆ ಇಲ್ಲದ್ದು ಭೂಮಿಯ ಮೇಲೂ ಇಲ್ಲ ಎಂಬುದು ನನ್ನ ಸಿದ್ಧಾಂತ. (ನನ್ನ ಹೆಂಡತಿ ರತ್ನಪ್ರಭಾ ಇದಕ್ಕೆ ಸೋಮಾರಿತನ ಎನ್ನುತ್ತಾಳೆ.)

ಕಳೆದ ಭಾನುವಾರ ಬೆಳಗ್ಗೆ ಆಂಧಿ ಎಂಬ ಇಲ್ಲಿನ ದೂಳುಗಾಳಿ ಬೀಸಿ, ಮಯೂರ್ ವಿಹಾರದ ನಮ್ಮ ಫ್ಲ್ಯಾಟುಗಳ ಸೊಸೈಟಿಯ ಗೇಟಿನ ಪಕ್ಕದ ನುಗ್ಗೆಮರ ಕಾಯಿ ಸಮೇತ ಅಡ್ಡಬಿತ್ತು.

"ರೀ, ಚೀಲ ತಗೊಂಡು ಓಡಿ. ಮಧ್ಯಾಹ್ನ ಹರಿಣಿ ಊಟಕ್ಕೆ ಬರ್ತಾಳೆ. ತಂಗಿಗೆ ನುಗ್ಗೇಕಾಯಿ ಹುಳಿ ಮಾಡ್ತೀನಿ ಅಂತ ಮಾತು ಕೊಟ್ಟಿದೀನಿ."

"ಅದು ಸೊಸೈಟಿ ಮರ ಕಣೇ. ಅನುಮತಿ ಇಲ್ಲದೆ ಮುಟ್ಟಬಾರದು."

"ಗಾಳಿಗೆ ಬಿದ್ದದ್ದನ್ನ ಆಯೋಕೆ ಯಾರಪ್ಪನ ಅನುಮತಿ?"

ಈ ಪ್ರಶ್ನೆ ನನ್ನ ಜ್ಞಾನಚಕ್ಷುವನ್ನೇ ತೆರೆಸಿತು. ನಿಘಂಟು ತೆಗೆದೆ. ವಿಂಡ್‌ಫಾಲ್. ಅನಾಯಾಸವಾಗಿ ಒದಗಿದ ಲಾಭಕ್ಕೆ ಎಲ್ಲರೂ ಬಳಸುವ ಈ ಇಂಗ್ಲಿಷ್ ಸಮಾಸಪದ ಹುಟ್ಟಿದ್ದೇ ಮರದ ಬುಡದಲ್ಲಿ. ವಿಂಡ್ ಎಂದರೆ ಗಾಳಿ, ಫಾಲ್ ಎಂದರೆ ಬೀಳುವುದು. ಅಂದರೆ ಗಾಳಿಗೆ ಉರುಳಿದ ಮರ, ಉದುರಿದ ಹಣ್ಣು. ಸಿಕ್ಕಿದ್ದು ಸಿಕ್ಕಿದವನ ಭಾಗ್ಯ. ಇಂಥ ವ್ಯುತ್ಪತ್ತಿಯ ಬಲವಿರುವಾಗ ಕಳ್ಳನಂತೆ ಓಡುವುದೇಕೆ? ಹಕ್ಕಿನಿಂದಲೇ ತರುತ್ತೇನೆಂದು ಪಣತೊಟ್ಟು, ಸೊಸೈಟಿಯ ಕಾರ್ಯದರ್ಶಿ ವಿಕ್ರಮ್ ಅವರಿಗೆ ಅರ್ಜಿ ಬರೆಯಲು ಕೂತೆ. ಸದರಿ ಮರವು ಪದದ ಮೂಲಾರ್ಥದ ಪ್ರಕಾರ ಅರ್ಜಿದಾರನಿಗೇ ಸಲ್ಲತಕ್ಕದ್ದು ಎಂದು ಎರಡು ಪುಟ ವಾದಿಸಿದೆ.

"ಅಲ್ಲಿ ಎಲ್ರೂ ಕಾಯಿ ಕೀಳ್ತಿದಾರೆ ರೀ."

"ಕೀಳಲಿ ಬಿಡು. ನಾನಿನ್ನೂ ಉಲ್ಲೇಖ ಸಂಖ್ಯೆ ಹಾಕಬೇಕು."

ಅವಳು ಹಣೆ ಚಚ್ಚಿಕೊಂಡು ಹೊರಗೆ ಹೋದಳು. ನಾನು ಜಗ್ಗಲಿಲ್ಲ.

ವಿಕ್ರಮ್ ಅರ್ಜಿಯನ್ನು ಎರಡು ಸಲ ಓದಿದರು. ಅವರ ಮುಖ ಅರಳಿತು.

"ಅಚ್ಛಾ, ದಕ್ಷಿಣಾಮೂರ್ತಿ ಜೀ. ಬಿಲ್ಕುಲ್ ಸಹಿ," ಎಂದು ನನ್ನ ವಾದ ಪೂರ್ತಿ ಸರಿಯೆಂದು ಒಪ್ಪಿ, ಏನೋ ಗೀಚಿ, ಮೊಹರು ಒತ್ತಿ ಕೊಟ್ಟರು.

ಗೆದ್ದ ಹೆಮ್ಮೆಯಲ್ಲಿ ಗೇಟಿಗೆ ಬಂದರೆ ಮರದಲ್ಲಿ ಒಂದು ಕಾಯಿ ಹಾಗಿರಲಿ, ಸೊಪ್ಪೂ ಇರಲಿಲ್ಲ. ಆಗ ಮೊಹರಿನ ಕೆಳಗಿದ್ದ ಸಾಲು ಓದಿದೆ. ಮರ ಅರ್ಜಿದಾರರದೇ ಎಂದು ಒಪ್ಪಲಾಗಿದೆ; ದಾರಿಗೆ ಅಡ್ಡವಾಗಿರುವ ತಮ್ಮ ಮರವನ್ನು ಅವರು ಸಂಜೆಯೊಳಗೆ ತೆರವು ಮಾಡತಕ್ಕದ್ದು. ಹಿಂದೆಯೇ ಚೌಕಿದಾರ ಗರಗಸ ತಂದುಕೊಟ್ಟ.

ಎರಡನೇ ಕೊಂಬೆ ಕೊಯ್ಯುವಾಗ ಹರಿಣಿ ಕ್ಯಾಬಿನಿಂದ ಇಳಿದಳು.

"ಏನ್ ಭಾವ, ಭಾನುವಾರವೂ ಡ್ಯೂಟಿನಾ?"

ನಾನು ಬಾಯಿ ತೆರೆಯುವ ಮೊದಲೇ ಬಾಲ್ಕನಿಯಿಂದ ರತ್ನಪ್ರಭಾ ಕೂಗಿದಳು.

"ಹುಳಿ ಆರತ್ತೆ, ಬಾರೇ."

"ಕಾಯಿ ಎಲ್ಲಿಂದ ಬಂತು?" ಎಂದೆ ಬೆವರು ಒರೆಸಿಕೊಂಡು.

"ನೀವು ಉಲ್ಲೇಖ ಸಂಖ್ಯೆ ಹಾಕ್ತಿದ್ರಲ್ಲ, ಆಗ ಹೋಗಿ ಆಯ್ಕೊಂಡು ಬಂದೆ," ಎಂದವಳು ತಂಗಿಯ ಕಡೆ ತಿರುಗಿ, "ಅವರಿಗೋಸ್ಕರ ಕಾಯಬೇಡ ಕಣೇ. ಸ್ವಂತ ಮರ, ನಿಧಾನವಾಗಿ ಕೊಯ್ಕೊಂಡು ಬರಲಿ," ಎಂದಳು.