ಗಂಜಿ ಹಾಕಿದ ರೆಕ್ಕೆ

ಗಂಗಾ, ಈರಣ್ಣ, ನಿಮ್ಮಜ್ಜಿಗೆ ಬಾಯಿಯೇ ಇಲ್ಲವೆಂದು ಓಣಿಯವರೆಲ್ಲ ಹೇಳುತ್ತಾರೆ. ಅದು ನಿಜ. ಉಪ್ಪು ಕೇಳಿದಾಗ ಅಂಗಡಿಯವನು ಬೆಲ್ಲ ಕೊಟ್ಟರೆ ಸುಮ್ಮನೆ ಮನೆಗೆ ತಂದು ಹುಗ್ಗಿ ಮಾಡಿದವಳು ನಾನು. ನಾಚಿಕೆಯವರಿಗೆ ಜಗಳವಿಲ್ಲ, ಅಡುಗೆ ಮಾತ್ರ ಬದಲಾಗುತ್ತದೆ. ಆದರೆ ಒಂದು ಸಲ ಯಾರೂ ಕೇಳದೆ ಬಾಯಿ ತೆರೆದೆ. ನೀವು ಹುಟ್ಟಿದ್ದು ಅದರಿಂದ.

ದೊಡ್ಡ ಯುದ್ಧ ಆಗಷ್ಟೇ ಮುಗಿದಿತ್ತು. ಸೈನ್ಯದಿಂದ ಮರಳಿದ್ದ ನಿಮ್ಮಜ್ಜ ಹುನಗುಂದದಿಂದ ಹೆಣ್ಣು ನೋಡಲು ಇಳಕಲ್ಲಿಗೆ ನಮ್ಮ ಮನೆಗೆ ಬಂದಿದ್ದರು. ಮಗ್ಗದ ಪಕ್ಕದಲ್ಲಿ ಕೂತಿದ್ದ ನಮ್ಮಪ್ಪ, "ದಂಡಿನ್ಯಾಗ ಏನ್ ಕೆಲಸ ಮಾಡ್ತಿದ್ದಿ ತಮ್ಮಾ?" ಎಂದು ಕೇಳಿದ.

"ವಿಮಾನದ ರೆಕ್ಕಿ ಹೊಲೀತಿದ್ನಿರಿ."

ಈಜಿಪ್ತಿನಲ್ಲಿ ಹೊಸಬರಿಗೆ ಹಾರಲು ಕಲಿಸುವ ವಿಮಾನವಂತೆ. ಕಟ್ಟಿಗೆಯ ಎಲುಬು, ಮೇಲೆ ಬಟ್ಟೆ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ನಡುವೆ ಬಿಗಿದ ತಂತಿ. ಇಳಿಸುವಾಗ ಕಲಿಯುವವನು ವಿಮಾನದ ಮೂಗನ್ನು ನೆಲಕ್ಕೆ ಗುದ್ದಿಸುತ್ತಾನೆಂದು ಮುಂದೊಂದು ಕಟ್ಟಿಗೆಯ ಕಾಲು ಬೇರೆ. ಮುಂದೆ ಕಲಿಯುವವ, ಹಿಂದೆ ಮಾಸ್ತರ. ಇಬ್ಬರ ಕೈಗೂ ವಿಮಾನ ನಡೆಸುವ ಒಂದೊಂದು ಕೋಲು. ಒಂದನ್ನು ಎಳೆದರೆ ಇನ್ನೊಂದೂ ತಾನಾಗಿ ಅಲ್ಲಾಡುತ್ತದೆ.

"ಅದಕ್ಕ ಸೀರಿ ಉಡಿಸಿ ಹಾರಸ್ತಾರೇನಪಾ?" ಎಂದು ನಮ್ಮ ಸೋದರಮಾವ ನಕ್ಕ.

ಅಪ್ಪ ನಗಲಿಲ್ಲ. "ನಾ ಸಣ್ಣಾಂವ ಇದ್ದಾಗಿಂದ ಅರಿವಿ ನೇಯ್ತೇನಿ. ಅರಿವ್ಯಾಗ ಗಾಳಿ ತೂರತೈತಿ, ಅದರ ಮ್ಯಾಲೆ ಮನಷ್ಯಾ ಹೆಂಗ ಹಾರತಾನ? ಸುಳ್ಳ ಹೇಳಾಂವಗ ಮಗಳನ್ನ ಕೊಡೂದಿಲ್ಲ."

ನಿಮ್ಮಜ್ಜ ಎದ್ದು ರುಮಾಲು ಸರಿಮಾಡಿಕೊಂಡರು. ಬಾಗಿಲ ಮರೆಯಲ್ಲಿದ್ದ ನನಗೆ ಅವರು ಮನಸ್ಸಿಗೆ ಬಂದಿದ್ದರು. ಸುಳ್ಳು ಹೇಳುವವನು ವಿಮಾನ ಹಾರಿಸುತ್ತಿದ್ದೆ ಎನ್ನುತ್ತಾನೆಯೇ ಹೊರತು ಹೊಲಿಯುತ್ತಿದ್ದೆ ಎನ್ನುವುದಿಲ್ಲ. ದಿನವೂ ನೂಲಿಗೆ ಗಂಜಿ ಹಚ್ಚುವವಳು ನಾನೇ. ಬಾಯಿಂದ ಮಾತು ಬಿದ್ದೇಬಿಟ್ಟಿತು: "ಗಂಜಿ ಹಾಕತಿದ್ರೇನು?"

ಅವ್ವ ನನ್ನ ತೋಳು ಚಿವುಟಿದಳು. ನಿಮ್ಮಜ್ಜ ಬಾಗಿಲಿನತ್ತ ತಿರುಗಿ, "ಹೌದ್ರಿ. ಗಂಜಿಯಂಥಾದ್ದ ಒಂದು ಅಂಟು ಬಳೀತಿದ್ವಿ, ಭಾಳ ನಾತ. ಒಣಗಿದ್ರ ಹಲಗಿ ಹಂಗ ಬಿಗೀತೈತಿ. ಗಾಳಿ ಹಾಯೂದಿಲ್ಲ," ಎಂದರು.

ಅಪ್ಪ ಮಗ್ಗಕ್ಕೆ ಬಿಗಿದಿದ್ದ ಗಂಜಿ ನೂಲಿನ ಹಾಸನ್ನು ಬೆರಳಿನಿಂದ ಒತ್ತಿ ನೋಡಿದ. ಆಮೇಲೆ, "ಕುಂದ್ರು ತಮ್ಮಾ. ಅವಲಕ್ಕಿ ಹಂಗ ಬಿಟ್ಟೀಯಲ್ಲ," ಎಂದ.

ಮದುವೆಯಾದ ಮೇಲೆ ಮುಂದಿನ ಕುರ್ಚಿಯಲ್ಲಿ ಯಾವಾಗಲೂ ಅವರೇ. ಸಂಸಾರ ತಾವೇ ನಡೆಸುತ್ತಿದ್ದೇವೆಂದು ಕಡೆಯವರೆಗೂ ನಂಬಿದ್ದರು. ಹಿಂದಿನ ಕೋಲು ನನ್ನ ಕೈಯಲ್ಲಿತ್ತು. ಈಗ ಮುಂದಿನ ಕುರ್ಚಿ ಖಾಲಿ, ವಿಮಾನವೆಲ್ಲ ನನ್ನದೇ. ಆದರೂ ಅಂಗಡಿಯವನು ಕೊಡುವುದು ಬೆಲ್ಲವನ್ನೇ.

ಈ ಹಾಳೆಗಳನ್ನು ಜೋಪಾನ ಮಾಡಿರಿ. ಗಾಳಿಪಟ ಮಾಡಿ ಹಾರಿಸಬೇಡಿರಿ. ಇವಕ್ಕೆ ನಾನು ಗಂಜಿ ಹಾಕಿಲ್ಲ.