ಬ್ರೇಕಿಗೆ ಕುಸುಬಿ ಎಣ್ಣೆ

ಗಾಡಿ ಕೊಂಡವರನ್ನು ನಮ್ಮ ವಿಜಯಪುರದ ಜನ ಏನೇನು ಕೇಳುತ್ತಾರೆಂಬುದು ನನಗೆ ಬಾಯಿಪಾಠವಾಗಿದೆ. ಮೊದಲು, "ಎಷ್ಟ ಕೊಡತೈತಿ?" ಲೀಟರ್ ಪೆಟ್ರೋಲಿಗೆ ಎಷ್ಟು ದೂರ ಹೋಗುತ್ತದೆ ಎಂದು ಅದರ ಅರ್ಥ. ಆಮೇಲೆ, "ಎಷ್ಟ ಓಡತೈತಿ?" ಅಂದರೆ ವೇಗ. ಅದೂ ಮುಗಿದ ಮೇಲೆ, ಬೇರೆ ಬಣ್ಣ ಸಿಗಲಿಲ್ಲವೇ ಎಂಬ ಕನಿಕರ. ಗಾಡಿ ನಿಲ್ಲುತ್ತದೆಯೇ ಎಂದು ಮಾತ್ರ ಇಂದಿನವರೆಗೆ ಒಬ್ಬ ಪುಣ್ಯಾತ್ಮನೂ ಕೇಳಿದ್ದಿಲ್ಲ. ಹೋದದ್ದು ಎಲ್ಲಾದರೂ ನಿಂತೇ ನಿಲ್ಲುತ್ತದೆ ಎಂಬ ಭಂಡ ಧೈರ್ಯ ನಮ್ಮವರಿಗೆ. ಎದುರಿಗೆ ಎಮ್ಮೆ ಬಂದರೆ ಹಾರ್ನ್ ಹೊಡೆಯುತ್ತಾರೆ, ಬಸ್ಸು ಬಂದರೆ ಇನ್ನೂ ಜೋರಾಗಿ ಹೊಡೆಯುತ್ತಾರೆ, ಎರಡಕ್ಕೂ ಜಗ್ಗದಿದ್ದರೆ ಎರಡೂ ಚಪ್ಪಲಿ ನೆಲಕ್ಕೆ ಊರಿ ಉಜ್ಜಿಕೊಂಡು ಹೋಗುತ್ತಾರೆ. ಇದನ್ನೆಲ್ಲ ನೆನೆದರೆ ನನಗೆ ಮೈ ಉರಿಯುತ್ತದೆ.

ನಮ್ಮದು ಕೆಂಪು ಬಣ್ಣದ ಚಿಕ್ಕ ಸ್ಪೋರ್ಟ್ಸ್ ಬೈಕು. ಕೊಂಡವರು ನಮ್ಮ ಮನೆಯವರು, ಓಡಿಸುವವಳು ನಾನು. ತಲೆಗೂದಲು ನೆರೆಯುವ ಹೊತ್ತಿಗೆ ಕೆಲವು ಗಂಡಸರಿಗೆ ಒಂದು ಹುಕಿ ಬರುತ್ತದಂತೆ, ನಮ್ಮವರಿಗೂ ಬಂತು. ಯಾರೋ ಓಡಿಸಿ ಬಿಟ್ಟ ಗಾಡಿಯನ್ನು ತಂದು, ಹಾರ ಹಾಕಿ, ಓಣಿಯಲ್ಲಿ ತಿರುಗಿಸಲು ಹೋಗಿ, ಎದುರುಮನೆಯ ರಂಗೋಲಿಯ ಮೇಲೆ ಗಾಡಿಯೂ ಅವರೂ ಅಕ್ಕಪಕ್ಕ ಮಲಗಿದರು. ಆವತ್ತು ಬಿಟ್ಟ ಹ್ಯಾಂಡಲ್ಲನ್ನು ಅವರು ಮತ್ತೆ ಮುಟ್ಟಲಿಲ್ಲ. ನನ್ನ ತವರು ತಿಕೋಟಾ. ಅಪ್ಪನದು ಎಣ್ಣೆ ಗಾಣ. ಹೈಸ್ಕೂಲು ಓದುವಾಗಲೇ ಮೊಪೆಡ್ಡಿನ ಎರಡೂ ಕಡೆ ಎಣ್ಣೆ ಡಬ್ಬಿ ಕಟ್ಟಿಕೊಂಡು ಮನೆಮನೆಗೆ ಹಾಕಿ ಬಂದವಳು ನಾನು. ಈ ಕೆಂಪು ಕುದುರೆ ನನಗೆಲ್ಲಿಯ ಲೆಕ್ಕ? ಮರುದಿನವೇ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಹತ್ತಿಬಿಟ್ಟೆ.

ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವರು ಅದೇ ಊರಿನ ಒಂದು ಕಚೇರಿಯಲ್ಲಿ ಗುಮಾಸ್ತರು. ದಿನಾ ಬೆಳಿಗ್ಗೆ ನಾನು ಮುಂದೆ, ಇಬ್ಬರ ಬುತ್ತಿಯ ಚೀಲ ಅಪ್ಪಿಕೊಂಡು ಅವರು ಹಿಂದೆ. ಈ ಗಾಡಿಯ ಹಿಂದಿನ ಸೀಟು ಅಂದರೆ ಕಾಗೆ ಕೂರುವಷ್ಟು ಜಾಗ, ಅದೂ ಮೇಲೆ. ನೋಡಿದವರಿಗೆ ನಾನು ಗಂಡನನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಲು ಹೊರಟಂತೆ ಕಾಣುತ್ತಿತ್ತು. ನೋಡುವವರು ನೋಡಲಿ! ನನಗೆ ಆ ದಾರಿ ಬೇಕಿತ್ತು. ಮನೆಯಲ್ಲಿ ಅತ್ತೆಯ ಟಿವಿ, ಮಕ್ಕಳ ಜಗಳ, ಕುಕ್ಕರಿನ ಸೀಟಿ. ಗಂಡ ಹೆಂಡತಿ ಮನಸ್ಸು ಬಿಚ್ಚಿ ಮಾತಾಡಲು ಇದ್ದದ್ದು ಈ ಜಮಖಂಡಿ ರಸ್ತೆಯೊಂದೇ. ಹೆಡ್ ಮಾಸ್ತರರ ಕಿರಿಕಿರಿ, ನಾದಿನಿಯ ಚುಚ್ಚುಮಾತು, ಮನೆಯ ಹಾಲಿನ ಗೋಡೆಗೆ ಯಾವ ಬಣ್ಣ ಹೊಡೆಸಬೇಕು, ಎಲ್ಲವನ್ನೂ ನಾನು ಹೇಳುತ್ತಾ ಹೋಗುವುದು, ಅವರು ಹಿಂದಿನಿಂದ "ಹ್ಞೂಂ" ಅನ್ನುವುದು. ಎಷ್ಟು ಸಮಾಧಾನದ ಮನುಷ್ಯ ಎಂದು ನನಗೆ ಒಳಗೊಳಗೇ ಹೆಮ್ಮೆ.

ಇದಕ್ಕೆ ಕಲ್ಲು ಹಾಕಿದ್ದು ಬ್ರೇಕು. ಬಬಲೇಶ್ವರ ಇನ್ನೇನು ಬಂತು ಅನ್ನುವಾಗ ಜೈನಾಪುರದ ಕಡೆಯ ಕುರಿಹಿಂಡೊಂದು ರಸ್ತೆಗೆ ಇಳಿಯಿತು. ನಾನು ಬ್ರೇಕ್ ಹಿಡಿದೆ. ಲಿವರು ಹಿಟ್ಟಿನ ಮುದ್ದೆ ಹಿಸುಕಿದಂತೆ ಮೆತ್ತಗೆ ಒಳಗೆ ಹೋಯಿತು, ಕಾಲಿನ ಬ್ರೇಕೊಂದೇ ಸಾಲಲಿಲ್ಲ, ಗಾಡಿ ತನ್ನ ಪಾಡಿಗೆ ತಾನು ಮುಂದೆ ಹೋಯಿತು. ಕುರಿಗಳನ್ನು ಉಳಿಸಲು ಪಕ್ಕದ ಹೊಲಕ್ಕೆ ಇಳಿಸಿದೆ. ಇಳಿಸಿದ್ದು ಬೆಳೆದು ನಿಂತ ಕುಸುಬಿ ಹೊಲ, ಮೈತುಂಬ ಮುಳ್ಳು. ನಮ್ಮವರು ಬುತ್ತಿ ಸಮೇತ ಅದರ ನಡುವೆ ಕೂತಿದ್ದರು. ಕುರುಬ ಬಂದು ಮೊದಲು ಕುರಿ ಎಣಿಸಿದ, ಆಮೇಲೆ ನಮ್ಮನ್ನು ನೋಡಿ, "ಹಾರ್ನ್ ಹೊಡೀಬಾರ್ದೇನ್ರಿ?" ಎಂದು ನನ್ನನ್ನೇ ಬೈದ. ನಮ್ಮವರು ಒಂದೊಂದೇ ಮುಳ್ಳು ಕಿತ್ತುಕೊಂಡು, ಅಂಗಿ ಕೊಡವಿಕೊಂಡು ಕಚೇರಿಗೆ ನಡೆದುಹೋದರು. ಮರುದಿನ ಬೆಳಿಗ್ಗೆ ನಾನು ಗಾಡಿ ಹೊರಗೆ ತೆಗೆಯುವಷ್ಟರಲ್ಲಿ ಅವರು ಬಸ್‌ಸ್ಟ್ಯಾಂಡಿನ ಹಾದಿ ಹಿಡಿದಾಗಿತ್ತು. ಸಂಜೆ ಕೇಳಿದರೆ, "ಬಸ್ಸಿಗೆ ಬ್ರೇಕ್ ಅದಾವ," ಎಂದಷ್ಟೇ ಹೇಳಿದರು.

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಕಾಲಿನ ಬ್ರೇಕೊಂದನ್ನೇ ನಂಬಿ ಓಡಿಸಿದರೂ, ಹಿಂದೆ ಯಾರೂ ಇಲ್ಲದ ಗಾಡಿ ಹಗುರಾಗಿ ಓಡುತ್ತಿತ್ತು, ಆ ಹಗುರವನ್ನು ನನ್ನ ಕೈಲಿ ತಡೆಯಲಾಗಲಿಲ್ಲ. ಹೇಳಬೇಕಾದ ಮಾತೆಲ್ಲ ಹೆಲ್ಮೆಟ್ಟಿನೊಳಗೇ ಉಳಿದು ತಲೆನೋವಾಗತೊಡಗಿತು. ಏನಾದರಾಗಲಿ, ಇವರನ್ನು ಮತ್ತೆ ಈ ಸೀಟಿನ ಮೇಲೆ ಕೂರಿಸಿಯೇ ಸಿದ್ಧ ಎಂದು ಹಟ ತೊಟ್ಟೆ. ರವಿವಾರ ಅವರನ್ನೂ ಎಳೆದುಕೊಂಡು, ಗಾಡಿ ತಳ್ಳಿಕೊಂಡು ಲಾಲಸಾಬನ ಗ್ಯಾರೇಜಿಗೆ ಹೋದೆ. ಅಲ್ಲಿಗೆ ಹೋದರೆ ಇನ್ನೊಂದು ಸಂಕಟ. ಹ್ಯಾಂಡಲ್ ಹಿಡಿದವಳು ನಾನು, ಗಾಡಿ ತಳ್ಳಿ ಬೆವೆತವಳು ನಾನು, ಲಾಲಸಾಬ ಮಾತಾಡಿದ್ದು ನಮ್ಮವರ ಜೊತೆ.

"ಏನ್ ತ್ರಾಸ ಐತ್ರಿ ಸರ?"

"ನನಗೇನ್ ಗೊತ್ತರಿ? ನಾ ಹಿಂದ ಕೂಡಾಂವ," ಅಂದರು ಇವರು.

"ಮುಂದಿನ ಬ್ರೇಕ್ ಹಿಡಿಯೂದ ಬ್ಯಾಡಂತ ಮೇಡಮ್ಮಾರಿಗೆ ಹೇಳ್ರಿ ಸರ. ಪಲ್ಟಿ ಹೊಡೀತೈತಿ. ನಾ ಎಲ್ಲಾರ ಗಾಡಿಗೂ ಮುಂದಿಂದು ಸಡ್ಲ ಮಾಡೇ ಕೊಡ್ತೇನಿ. ದೇವ್ರ ದಯಾ, ಯಾರಿಗೂ ಏನೂ ಆಗಿಲ್ಲ."

ಕೇಳಿದಿರಾ? ಗಾಡಿ ಮಾಡುವ ಕಂಪನಿಯವರು ತಲೆ ಕೆಡಿಸಿಕೊಂಡು ಮುಂದಿನ ಚಕ್ರಕ್ಕೇ ದೊಡ್ಡ ಬ್ರೇಕು ಕೂರಿಸುತ್ತಾರೆ, ಇವನು ಅದನ್ನು ಊರವರ ಮೇಲಿನ ಪ್ರೀತಿಯಿಂದ ಸಡಿಲ ಮಾಡಿ ಕಳಿಸುತ್ತಾನೆ! ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಹಾಗಾಗಿ ಮುಂದಿನ ಬ್ರೇಕೇ ಮುಖ್ಯ ಎಂದು ನಾನು ಒಂಬತ್ತನೇ ತರಗತಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿ, "ಸಾಲ್ಯಾಗ ಹಂಗ ಇರತೈತ್ರಿ," ಅಂದ.

ಸರಿ, ನಾನೇ ಓದಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿದೆ, ಪ್ರಬಂಧ ಬರೆಯುವಷ್ಟು ತಿಳಿದುಕೊಂಡೆ. ಹಳೆಯ ರಬ್ಬರ್ ಪೈಪು ಒತ್ತಡಕ್ಕೆ ಉಬ್ಬುತ್ತದೆ, ಅದರ ಬದಲು ಉಕ್ಕಿನ ಎಳೆ ಹೆಣೆದ ಪೈಪು ಬೇಕು. ಸವೆದ ಪ್ಯಾಡುಗಳ ಜಾಗಕ್ಕೆ ಲೋಹದ ಪುಡಿಯಿಂದ ಮಾಡಿದ ಗಟ್ಟಿ ಪ್ಯಾಡು ಬೇಕು. ಎಲ್ಲ ತರಿಸಿ ಲಾಲಸಾಬನ ಮುಂದಿಟ್ಟು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಪರೀಕ್ಷೆಯ ಮೇಲ್ವಿಚಾರಕಿಯಂತೆ ಕೂತೆ. ಪೈಪಿನೊಳಗಿನ ಗಾಳಿಯ ಗುಳ್ಳೆ ಪೂರ್ತಿ ಹೋಗುವ ತನಕ ನಾನು ಲಿವರ್ ಒತ್ತುವುದು, ಅವನು ಕೆಳಗೆ ಸ್ಕ್ರೂ ಬಿಡುವುದು, ಬಿಗಿಯುವುದು. ಕೊನೆಗೆ ಲಿವರು ಕಲ್ಲಿನಂತಾಯಿತು. ಲಾಲಸಾಬ ಒಮ್ಮೆ ಹಿಡಿದು ನೋಡಿ ಗಾಬರಿಯಾದ. "ಇಷ್ಟ ಬ್ರೇಕ್ ಇದ್ರ ಗಾಡಿ ಮುಂದ ಹೋಗೂದ ಹೆಂಗ್ರಿ ಸರ?" ಎಂದು, ಅಲ್ಲಿ ಇಲ್ಲದೇ ಇದ್ದ ನಮ್ಮವರನ್ನು ಕೇಳಿದ.

ಭೂತನಾಳ ಕೆರೆಯ ರಸ್ತೆಗೆ ಒಬ್ಬಳೇ ಹೋಗಿ ನೋಡಿದೆ. ಆಹಾ! ಎರಡು ಬೆರಳು ಸಾಕು, ಗಾಡಿ ಹಿಡಿದ ಜಾಗದಲ್ಲೇ ನಿಲ್ಲುತ್ತಿತ್ತು. ಒಂದೇ ಕೊರತೆ. ಹೊಸ ಗಟ್ಟಿ ಪ್ಯಾಡು ನೋಡಿ, ಪ್ರತಿ ಸಲ ನಿಲ್ಲುವಾಗ ಕೀಂವ್ ಎಂದು ಕಿರುಚುತ್ತಿತ್ತು. ನಮ್ಮ ಓಣಿಗೆ ಅದೊಂದು ದೊಡ್ಡ ಸಮಸ್ಯೆಯಾಯಿತು. ನಿಲ್ಲದ ಗಾಡಿಯನ್ನು ಇಷ್ಟು ದಿನ ಸಹಿಸಿಕೊಂಡ ಜನ, ನಿಲ್ಲುವ ಗಾಡಿಯ ಸದ್ದಿಗೆ ಕಿವಿ ಮುಚ್ಚಿಕೊಂಡರು. "ಟೀಚರ್ರ, ಒಂದ ಹನಿ ಎಣ್ಣಿ ಬಿಡ್ರಿ," ಎಂದರು ಎದುರುಮನೆಯ ರಂಗೋಲಿಯವರು. ಎಣ್ಣೆ ಬಿಟ್ಟರೆ ಘರ್ಷಣೆ ಹೋಗುತ್ತದೆ, ಘರ್ಷಣೆ ಹೋದರೆ ಬ್ರೇಕೇ ಹೋಗುತ್ತದೆ ಎಂದು ಅವರಿಗೂ ಬಿಡಿಸಿ ಹೇಳಿದೆ. ದಿನ ಕಳೆದಂತೆ ಪ್ಯಾಡು ಹೊಂದಿಕೊಂಡು ಸದ್ದು ತಾನೇ ಅಡಗುತ್ತದೆ, ಇದು ವಿಜ್ಞಾನ ಎಂದೂ ಸೇರಿಸಿದೆ.

ನಮ್ಮವರನ್ನು ಒಪ್ಪಿಸಲು ಸಾಕುಬೇಕಾಯಿತು. ಕೊನೆಗೆ ಒಂದು ರವಿವಾರ, "ತಿಕೋಟಾಕ ಹೋಗಿ ಬರೂಣು, ಸರಿ ಅನಿಸ್ಲಿಲ್ಲಂದ್ರ ನಾ ಮತ್ತ ಕೇಳೂದಿಲ್ಲ," ಎಂದು ಮಾತು ಕೊಟ್ಟೆ. ಬುತ್ತಿಯಿಲ್ಲದ ಕೈಗಳಿಂದ ಸೀಟಿನ ಅಂಚು ಗಟ್ಟಿಯಾಗಿ ಹಿಡಿದು ಕೂತರು. ತೊರವಿ ದಾಟುವಾಗ ಒಂದು ಟ್ರ್ಯಾಕ್ಟರು ಹಿಂದೆ ಮುಂದೆ ನೋಡದೆ ಅಡ್ಡ ಬಂತು. ಕೀಂವ್! ಗಾಡಿ ಗಪ್ಪನೆ ನಿಂತಿತು. ಹಿಂದಿನಿಂದ, "ಅಡ್ಡಿ ಇಲ್ಲ," ಎಂಬ ಮಾತು ಕೇಳಿಸಿತು. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗಲೂ ಅವರು ಹೇಳಿದ್ದು ಅಷ್ಟೇ. ನನಗೆ ಕಣ್ಣು ತುಂಬಿ ಬಂತು.

ತವರಿನಲ್ಲಿ ಊಟ ಮುಗಿಸಿ, ಅವ್ವನ ಜೊತೆ ಎರಡು ಮಾತಾಡಿ, ಸಂಜೆ ಹೊರಟೆವು. ಓಣಿಯ ಮೊದಲ ಉಬ್ಬಿಗೆ ಬ್ರೇಕನ್ನು ಮೆಲ್ಲಗೆ ಮುಟ್ಟಿದೆ. ಸದ್ದೇ ಇಲ್ಲ! ನನಗೆ ಹಿಡಿಸಲಾರದಷ್ಟು ಹಿಗ್ಗು. "ನೋಡಿದ್ರಾ? ಪ್ಯಾಡು ಹೊಂದಿಕೊಂಡಾವ. ನಾ ಹೇಳಿರಲಿಲ್ಲ? ಇದು ವಿಜ್ಞಾನ!" ಎಂದು ಹಿಂದಕ್ಕೆ ಕತ್ತು ಹೊರಳಿಸಿ ಪಾಠ ಶುರು ಮಾಡಿದೆ. ಓಣಿಯ ಕೊನೆಗೆ ಅಪ್ಪನ ಗಾಣ, ಅದರ ಮುಂದೆ ಹಿಂಡಿಯ ಚೀಲಗಳ ರಾಶಿ, ಅಲ್ಲಿಂದ ರಸ್ತೆಗೆ ತಿರುಗಬೇಕು. ಬ್ರೇಕ್ ಹಿಡಿದೆ. ಲಿವರು ಕಲ್ಲಿನಂತೆ ಗಟ್ಟಿಯಾಗೇ ಇತ್ತು, ಗಾಡಿ ಮಾತ್ರ ಬೆಣ್ಣೆಯ ಮೇಲೆ ಜಾರಿದಂತೆ ಹೋಯಿತು. ಕಾಲಿನ ಬ್ರೇಕ್ ತುಳಿದೆ. ಅದೂ ಹಾಗೇ. ವಿಜ್ಞಾನ ಹೇಳುತ್ತಲೇ ನಾನು ಹಿಂಡಿಯ ರಾಶಿಗೆ ಮುಖ ಕೊಟ್ಟು ಒರಗಿದೆ, ನಮ್ಮವರು ನನ್ನ ಮೇಲಿಂದ ಹಾದು ಇನ್ನೂ ಎತ್ತರದ ಚೀಲದ ಮೇಲೆ ಕೂತರು. ಯಾರಿಗೂ ಪೆಟ್ಟಾಗಲಿಲ್ಲ.

ಅಪ್ಪ ಗಾಣದಿಂದ ಓಡಿ ಬಂದ. "ಯಾಕ ಯವ್ವಾ, ಏನಾತು? ಈಗ ಇನ್ನೂ ಛಲೋ ಓಡಬೇಕಲ್ಲ? ಬರೂ ಮುಂದ ಕೀಂವ್ ಕೀಂವ್ ಅಂತಿತ್ತು, ಪಾಪ. ನೀವು ಉಣ್ಣೂದ್ರಾಗ ನಾನ ಅರಿವಿ ತೊಗೊಂಡು ಕುಸುಬಿ ಎಣ್ಣಿ ತಿಕ್ಕೇನಿ. ಇವತ್ತ ತೆಗದದ್ದು, ಮಾರೂದಲ್ಲ, ಮನೀದು."

"ಹಿಂದಿನ ಗಾಲಿಗೂ?" ಎಂದು ಹಲ್ಲು ಕಡಿದು ಕೇಳಿದೆ.

"ಮತ್ತ? ಒಂದಕ್ಕ ಹಚ್ಚಿ ಇನ್ನೊಂದಕ್ಕ ಬಿಡಾಕ ಬರತೈತೇನ?"

ಜೀವಮಾನವಿಡೀ ಬಾಗಿಲಿಗೆ, ಬಾವಿಯ ಗಡಗಡಿಗೆ, ಮೊಮ್ಮಕ್ಕಳ ಕಿವಿಗೆ, ಎಲ್ಲ ಸದ್ದಿಗೂ ಎಣ್ಣೆಯನ್ನೇ ಮದ್ದು ಮಾಡಿದ ಮನುಷ್ಯನಿಗೆ ಏನಂತ ಬೈಯಲಿ? ಬೈದೆ, ಬಿಡಲಿಲ್ಲ. ನಾನು ಇಷ್ಟು ಕಷ್ಟಪಟ್ಟು ಕೂಡಿಸಿದ ಬ್ರೇಕನ್ನು ಒಬ್ಬ ಭಯದಿಂದ ಸಡಿಲ ಮಾಡುವವನು, ಇನ್ನೊಬ್ಬ ಪ್ರೀತಿಯಿಂದ ಎಣ್ಣೆ ಹಚ್ಚುವವನು, ಈ ಜಿಲ್ಲೆಯಲ್ಲಿ ನನ್ನ ಗಾಡಿ ನಿಲ್ಲುವುದು ಯಾರಿಗೂ ಬೇಡವೇ ಎಂದು ಓಣಿ ತುಂಬ ಕೂಗಾಡಿದೆ. ಅಪ್ಪ ನಮ್ಮವರ ಕಡೆ ತಿರುಗಿ, "ಸಾಲಿ ಕಲಿಸಿದ್ದ ತಪ್ಪಾತು ನೋಡ್ರಿ," ಅಂದ. ಎಣ್ಣೆ ಕುಡಿದ ಪ್ಯಾಡು ಮತ್ತೆ ಕೆಲಸಕ್ಕೆ ಬರುವುದಿಲ್ಲ, ಹೊಸದು ಬರುವ ತನಕ ಗಾಡಿ ಗಾಣದಲ್ಲೇ ನಿಂತಿತು. ನಾವು ಬಸ್ಸು ಹತ್ತಿದೆವು. ಹಿಂದಿನ ಸೀಟಿನ ಕಥೆ ಮುಗಿಯಿತು ಎಂದು ನನಗೆ ಖಾತ್ರಿಯಾಗಿತ್ತು. ಕೊಟ್ಟ ಮಾತಿನ ಪ್ರಕಾರ ಇನ್ನು ನಾನು ಕೇಳುವಂತೆಯೂ ಇರಲಿಲ್ಲ.

ಸೋಮವಾರದಿಂದ ಬಬಲೇಶ್ವರಕ್ಕೂ ಬಸ್ಸೇ. ನನಗೆ ಒಂದು ಸಮಾಧಾನವೆಂದರೆ ಇಬ್ಬರೂ ಅಕ್ಕಪಕ್ಕ ಕೂತಿದ್ದೆವು. ಇಷ್ಟು ದಿನದ ಮಾತು ಬಾಕಿ ಇತ್ತು. ಹೆಡ್ ಮಾಸ್ತರರಿಂದ ಶುರು ಮಾಡಿ ನಾದಿನಿಗೆ ಬಂದೆ, ಅಲ್ಲಿಂದ ಹಾಲಿನ ಗೋಡೆಯ ಬಣ್ಣಕ್ಕೆ. ನಮ್ಮವರು ನನ್ನ ಮುಖವನ್ನೇ ನೋಡುತ್ತಾ ಇದ್ದರು, ಹೊಸಬಳನ್ನು ನೋಡುವ ಹಾಗೆ. "ಹಾಲಿಗೆ ಬಣ್ಣಾ ಹೊಡಸ್ತೀಯಾ? ಯಾವಾಗ?" ಅಂದರು.

"ನೀವ ಹ್ಞೂಂ ಅಂದಿದ್ದಿರಲ್ಲ, ಗಾಡಿ ಮ್ಯಾಲೆ?"

"ಗಾಡಿ ಮ್ಯಾಲೆ ಏನ್ ಕೇಳಸ್ತೈತಿ? ಎರಡು ಹೆಲ್ಮೆಟ್ಟು, ಮ್ಯಾಲೆ ಗಾಳಿ. ನೀ ಏನೋ ಮಾತಾಡಾಕತ್ತೀ ಅನ್ನೂದು ತಿಳೀತಿತ್ತು. ಹ್ಞೂಂ ಅನ್ನೂದು ನನ್ನ ಕೆಲಸ, ಅಂತಿದ್ದೆ."

ಬಸ್ಸು ಹೋಗುತ್ತಲೇ ಇತ್ತು, ನನಗೆ ಕೂತ ಜಾಗ ಕುಸಿದಂತಾಯಿತು. ಇಷ್ಟು ವರ್ಷ ನಾನು ಮನಸ್ಸು ಬಿಚ್ಚಿದ್ದು ಜಮಖಂಡಿ ರಸ್ತೆಗೆ! ಸುಮ್ಮನಿರಲಾರದೆ ಬಿಟ್ಟಲ್ಲಿಂದ ಮತ್ತೆ ಶುರು ಮಾಡಿದೆ. ಎಲ್ಲವನ್ನೂ, ಮೊದಲಿನಿಂದ, ಸರಿಯಾಗಿ ಕೇಳಿಸುವ ಹಾಗೆ ಹೇಳಿದೆ. ಬಸ್ಸಿನಲ್ಲಿ ಎಲ್ಲವೂ ಕೇಳಿಸುತ್ತಿತ್ತು, ಮುಂದಿನ ಸೀಟಿನವರಿಗೂ ಕೇಳಿಸುತ್ತಿತ್ತು. ಬುಧವಾರದ ಹೊತ್ತಿಗೆ ನಮ್ಮವರು ಕಚೇರಿಗೆ ರಜೆ ಹಾಕಿ, ಎಲ್ಲಿಂದಲೋ ಹೊಸ ಪ್ಯಾಡು ಹುಡುಕಿ ತಂದು, ಲಾಲಸಾಬನನ್ನು ತಿಕೋಟಾಕ್ಕೆ ಕರೆದೊಯ್ದು, ಡಿಸ್ಕನ್ನು ತಾವೇ ನಿಂತು ಒರೆಸಿಸಿ, ಗಾಡಿ ತಯಾರು ಮಾಡಿಸಿ ತರಿಸಿದ್ದರು. "ಮುಂದಿನ ಬ್ರೇಕ್ ಸಡ್ಲ ಮಾಡಬ್ಯಾಡಂತ ಹೇಳೇನಿ," ಎಂದು ಹೆಮ್ಮೆಯಿಂದ ಹೇಳಿದರು. ಮರುದಿನ ನನಗಿಂತ ಮೊದಲೇ ಹೆಲ್ಮೆಟ್ ಹಾಕಿಕೊಂಡು ಹಿಂದಿನ ಸೀಟಿನ ಪಕ್ಕ ನಿಂತಿದ್ದರು.

ಈಗ ಗಾಡಿಗೆ ಜಿಲ್ಲೆಯಲ್ಲೇ ಒಳ್ಳೆಯ ಬ್ರೇಕಿದೆ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಹೆಡ್ ಮಾಸ್ತರರ ಬಗ್ಗೆ ಹೇಳಿ ಮುಗಿಸಿ ಎರಡು ಬೆರಳಿನಲ್ಲಿ ಹಿಡಿಯುತ್ತೇನೆ, ಕೀಂವ್ ಎಂದು ನಡುರಸ್ತೆಯಲ್ಲಿ ನಿಲ್ಲುತ್ತದೆ. ಹಿಂದೆ ತಿರುಗಿ, "ಈಗ ನಾ ಏನ್ ಹೇಳಿದೆ, ಹೇಳ್ರಿ?" ಎಂದು ಕೇಳುತ್ತೇನೆ. ಅವರು, "ಹ್ಞೂಂ," ಅನ್ನುತ್ತಾರೆ.