ಸಾವಿರ ಶಿಫಾರಸಿನ ಬೀಗದಂಗಡಿ

ವಸತಿ ಸಮುಚ್ಚಯದ ನೋಟೀಸು ಪೆಟ್ಟಿಗೆಯ ಬೀಗ ಕೆಟ್ಟಿತ್ತು. ರಿಪೇರಿಗೆಂದು ಹೋದ ಬೀಗದಣ್ಣ ಒಳಗಿನ ನೋಟೀಸನ್ನು ಓದದೆ ಬಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಗಾಜಿಗೆ ಮೂಗು ತಾಗಿಸಿಕೊಂಡು ಕೆಲಸ ಮಾಡುವವನ ಕಣ್ಣಿಗೆ ಬೇರೇನು ಬೀಳಬೇಕು?

ನಾನೂರು ಮನೆಗಳ ಬಾಗಿಲಿಗೂ ಹೊಸ ಬೀಗ ಹಾಕಿಸುವುದೆಂದು ಸಂಘ ತೀರ್ಮಾನಿಸಿತ್ತು. ಹೋದ ವರ್ಷ ನೀರಿನ ತೊಟ್ಟಿ ತೊಳೆಸುವ ಗುತ್ತಿಗೆ ಯಾರ ಕಡೆಯವರಿಗೆ ಹೋಯಿತೆಂಬ ವಿಚಾರದಲ್ಲಿ ಮೂರು ಸಭೆಗಳೂ ಒಂದು ಕುರ್ಚಿಯೂ ಮುರಿದಿದ್ದವು. ಆದ್ದರಿಂದ ಸಂಘದ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಈ ಸಲ ಯಾರೂ ಬೆರಳು ತೋರಿಸಲಾಗದ ಉಪಾಯ ಹುಡುಕಿದ್ದರು. ಮುಂದಿನ ಶನಿವಾರ ಸಂಜೆ ಐದಕ್ಕೆ ಎಲ್ಲರ ಎದುರಿಗೆ, ಸಂಘದ ಕಂಪ್ಯೂಟರಿನಲ್ಲಿ ‘ಬೀಗದ ಕೆಲಸದವರು’ ಎಂದು ಹುಡುಕುವುದು. ಯಾವ ಹೆಸರು ಮೊದಲು ಬರುತ್ತದೋ ಅವರಿಗೆ ಗುತ್ತಿಗೆ. ಯಂತ್ರಕ್ಕೆ ನೆಂಟರಿಲ್ಲ ಎಂದು ಕೆಳಗೆ ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಿದ್ದರು.

ಬೀಗದಣ್ಣನಿಗೆ ಆ ಗುತ್ತಿಗೆ ಬೇಕೇ ಬೇಕಿತ್ತು. ಹದಿನಾಲ್ಕು ವರ್ಷ ಇನ್ನೊಬ್ಬರ ಅಂಗಡಿಯಲ್ಲಿ ಕೈಯಾಳಾಗಿ ದುಡಿದು, ಸ್ವಂತ ಬೋರ್ಡು ಹಾಕಿ ಮೂರು ವರ್ಷವಾಗಿತ್ತಷ್ಟೆ. ಈಚೆಗೆ ಜನ ಮನೆಯ ಹೊರಗೆ ಸಿಕ್ಕಿಬಿದ್ದರೆ ಅಕ್ಕಪಕ್ಕದವರನ್ನು ಕೇಳುವುದಿಲ್ಲ, ಫೋನನ್ನು ಕೇಳುತ್ತಾರೆ. ಫೋನಿನಲ್ಲಿ ಅವನ ಅಂಗಡಿ ಮೂರನೆಯ ಪುಟದ ಬುಡದಲ್ಲಿತ್ತು. ಕೈಯಲ್ಲಿ ಹಾಲಿನ ಪೊಟ್ಟಣ, ಕಂಕುಳಲ್ಲಿ ಅಳುವ ಮಗು ಇಟ್ಟುಕೊಂಡು ಮೂರನೆಯ ಪುಟದವರೆಗೆ ಹೋಗುವ ಪುಣ್ಯಾತ್ಮರು ಎಲ್ಲಿದ್ದಾರೆ? ನಾನೂರು ಬಾಗಿಲು ಸಿಕ್ಕರೆ ಬೋರ್ಡು ಉಳಿಯುತ್ತದೆ, ಇಲ್ಲದಿದ್ದರೆ ಅದನ್ನು ಇಳಿಸಿ ಮತ್ತೆ ಯಾರದೋ ಕೈಕೆಳಗೆ. ಶಾಲೆಯ ಫಾರಂನಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಮಗಳು ‘ಓನರ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದಳು. ಅದನ್ನು ಅಳಿಸುವ ರಬ್ಬರು ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ.

ದಾರಿ ತೋರಿಸಿದವನು ಹೆಂಡತಿಯ ತಮ್ಮ. ಯಾವ ಕೆಲಸದಲ್ಲೂ ಆರು ತಿಂಗಳು ನಿಲ್ಲದಿದ್ದುದರಿಂದ ಎಲ್ಲ ಕೆಲಸಗಳ ಬಗ್ಗೆಯೂ ಸಲಹೆ ಕೊಡುವ ಅರ್ಹತೆ ಅವನಿಗೆ ಬಂದುಬಿಟ್ಟಿತ್ತು.

“ಭಾವ, ಇದು ಶಿಫಾರಸಿನ ಪ್ರಪಂಚ. ಬೇರೆ ಬೇರೆ ವೆಬ್‌ಸೈಟಿನವರು ನಿಮ್ಮ ಅಂಗಡಿ ಕಡೆ ಕೈ ತೋರಿಸ್ಬೇಕು. ಅದಕ್ಕೇ ಲಿಂಕ್ ಅನ್ನೋದು. ಜಾಸ್ತಿ ಜನ ಕೈ ತೋರಿಸಿದ್ರೆ ಯಂತ್ರ ನಿಮ್ಮನ್ನ ದೊಡ್ಡ ಮನುಷ್ಯ ಅಂದ್ಕೊಂಡು ಮೇಲೆ ಕೂರಿಸುತ್ತೆ.”

“ನನ್ನ ಕಡೆ ಯಾರಪ್ಪಾ ಕೈ ತೋರಿಸ್ತಾರೆ?”

“ದುಡ್ಡು ಕೊಟ್ರೆ ತೋರಿಸ್ತಾರೆ. ಮಾರೋನು ನನಗೆ ಗೊತ್ತು. ಸಾವಿರ ಲಿಂಕಿನ ಒಂದು ಕಟ್ಟು, ವಾರದೊಳಗೆ ಫಲ.”

ಪಕ್ಕದ ಜೆರಾಕ್ಸ್ ಅಂಗಡಿಯಾಕೆ ಇದನ್ನು ಕೇಳಿಸಿಕೊಂಡು ಹೊರಗೆ ಬಂದಳು. ದಿನವಿಡೀ ಊರಿನವರ ಅರ್ಜಿ ತುಂಬಿಸುತ್ತಿದ್ದ ಅವಳನ್ನು ರಸ್ತೆಯವರೆಲ್ಲ ಜೆರಾಕ್ಸ್ ಅಕ್ಕ ಎನ್ನುತ್ತಿದ್ದರು. “ಬೇಡ ಅಣ್ಣ. ದುಡ್ಡಿಗೆ ಸಾಕ್ಷಿ ಹೇಳೋರು ಎಂಥವರು ಅಂತ ಯಂತ್ರಕ್ಕೂ ಗೊತ್ತಾಗುತ್ತೆ. ಗೊತ್ತಾದ್ರೆ ಮೂರನೇ ಪುಟಾನೂ ಇರಲ್ಲ, ಒದ್ದು ಹೊರಗೆ ಹಾಕುತ್ತೆ.”

“ಅಕ್ಕನಿಗೆ ಹೊಟ್ಟೆಕಿಚ್ಚು,” ಎಂದ ಭಾವಮೈದ.

ಬೇಡ ಎಂದವರಿಗಿಂತ ಆಗುತ್ತದೆ ಎಂದವರ ಮಾತು ಸಿಹಿ. ಬೀಗದಣ್ಣ ಚಾವಿ ಕೊರೆಯುವ ಹೊಸ ಯಂತ್ರಕ್ಕೆಂದು ಎತ್ತಿಟ್ಟದ್ದನ್ನೆಲ್ಲ ಕೊಟ್ಟು ಕಟ್ಟನ್ನು ಕೊಂಡ.

ಶನಿವಾರ ಬೆಳಿಗ್ಗೆ ಷಟರ್ ಎತ್ತುವುದರೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಒಂದು ತಿಂಗಳಿಂದ ಮೌನವ್ರತ ಹಿಡಿದಿದ್ದ ಫೋನು ಅದು. ಬೀಗದಣ್ಣ ಅಂಗಿಯ ಕಾಲರು ಸರಿಮಾಡಿಕೊಂಡು ಎತ್ತಿದ.

“ನಾನು ಹನ್ನೆರಡು ವರ್ಷದಿಂದ ಬೋಳ,” ಎಂದಿತು ದಪ್ಪ ದನಿ. “ನಿಮ್ಮಲ್ಲಿ ಗ್ಯಾರಂಟಿ ಇದೆ ಅಂತ ಹಾಕಿದೀರಿ.”

“ಬೀಗಕ್ಕೆ ಇದೆ ಸ್ವಾಮಿ, ಎರಡು ವರ್ಷ.”

“ತಲೆಗೆ?”

ಲಿಂಕು ಮಾರುವವನು ಕೂದಲು ಬೆಳೆಸುವ ಎಣ್ಣೆಯ ಪುಟವೊಂದರಲ್ಲಿ ‘ಗ್ಯಾರಂಟಿ ಕೆಲಸ, ಇಲ್ಲಿ ಒತ್ತಿ’ ಎಂದು ಬರೆದು ಬೀಗದಣ್ಣನ ಕಡೆಗೆ ಕೈ ತೋರಿಸಿದ್ದ. ಅದು ಅರ್ಥವಾಗುವುದರೊಳಗೆ ಇನ್ನೊಂದು ಕರೆ. ಹೆಂಗಸೊಬ್ಬಳು ಪಿಸುಗುಟ್ಟಿದಳು. “ಬೇಗ ಹೇಳಿ, ಮನೆಯವರು ಬಚ್ಚಲಲ್ಲಿದಾರೆ. ಇವತ್ತು ಯಾವ ನಂಬರು?”

“ಯಾವ ನಂಬರಮ್ಮಾ?”

“ನಿಮ್ಮ ಮನಸ್ಸಿಗೆ ಬಂದಿದ್ದು.”

“ನನಗೆ ಗೊತ್ತಿರೋದು ಅಂಗಡಿ ನಂಬರು. ಹದಿನೇಳು.”

“ದೇವರು ಒಳ್ಳೇದು ಮಾಡ್ಲಿ,” ಎಂದು ಆಕೆ ಫೋನಿಟ್ಟಳು. ಇದು ಜೂಜಿನ ಪುಟದ ಫಲ. ವಿಚ್ಛೇದನದ ಪುಟದಿಂದ ಬಂದ ಮೂರನೆಯವನಿಗೆ ಹೆಂಡತಿಯಿಂದ ಬಿಡುಗಡೆ ಬೇಕಿತ್ತು. ಬಾಗಿಲು ಜಾಮಾಗಿದೆಯೇ ಎಂದು ಬೀಗದಣ್ಣ ಕೇಳಿದ್ದಕ್ಕೆ, ಇಪ್ಪತ್ತು ವರ್ಷದಿಂದ ಜಾಮಾಗಿದೆ ಎಂದು ಅವನು ಅತ್ತ.

ಹತ್ತು ಗಂಟೆಗೆ ಎದುರುಗಡೆಯ ಟೈಲರ್, ಕತ್ತಿನಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಬಂದರು. “ನೋಡೋ ಮಾರಾಯ, ನನ್ನ ಫೋನಲ್ಲಿ ಹುಡುಕಿದೆ. ಏಳನೆಯವನಾಗಿ ಬಂದಿದೀಯ.”

“ಏಳು ಸಾಲದು ಮಾವ. ಒಂದೇ ಆಗ್ಬೇಕು.”

“ತಡಿ, ನಿನ್ನ ಹೆಸರನ್ನ ಒಂದು ಸಲ ಒತ್ತಿ ನೋಡ್ತೀನಿ.” ಒತ್ತಿದರು. ಮತ್ತೆ ಹುಡುಕಿದರು. “ಐದಕ್ಕೆ ಬಂತಲ್ಲೋ. ಒತ್ತಿದ್ರೆ ಏರುತ್ತೆ ಇದು.”

ಸುದ್ದಿ ರಸ್ತೆಗೆಲ್ಲ ಹಬ್ಬಿತು. ಸ್ವಂತ ಕೆಲಸಕ್ಕೆ ಬಿಡುವಿಲ್ಲದವರಿಗೂ ಇನ್ನೊಬ್ಬರ ಕೆಲಸಕ್ಕೆ ಬಿಡುವು ಸಿಗುತ್ತದೆ. ಹೇರ್ ಕಟಿಂಗ್ ಮಾಡುವವನು ಗಿರಾಕಿಯ ಅರ್ಧ ಗಡ್ಡಕ್ಕೆ ನೊರೆ ಬಿಟ್ಟು ಬಂದ, ಅರ್ಧ ಗಡ್ಡದ ಗಿರಾಕಿಯೂ ಹಿಂದೆ ಬಂದ. ಹೂಕುಂಡ ಮಾರುವವಳು, ಔಷಧಿ ಅಂಗಡಿಯ ಇಬ್ಬರು, ಎಲ್ಲರೂ ಫುಟ್‌ಪಾತಿನ ಮೇಲೆ ಸಾಲಾಗಿ ನಿಂತು ಹೇನು ಹೆಕ್ಕುವವರ ಹಾಗೆ ಫೋನು ಒತ್ತತೊಡಗಿದರು. “ನನ್ನಲ್ಲಿ ನಾಲ್ಕು.” “ನನ್ನಲ್ಲಿ ಮೂರು, ಹೆಬ್ಬೆರಳು ನೋಯ್ತಿದೆ.” “ತೋರುಬೆರಳಲ್ಲಿ ಒತ್ತಿ, ಬೇಗ ಏರುತ್ತೆ.”

ಮಧ್ಯಾಹ್ನ ಹೆಂಡತಿಯ ಫೋನು ಬಂತು.

“ರೀ, ಅಮ್ಮ ಬೆಳಿಗ್ಗೆಯಿಂದ ಅಳ್ತಿದಾರೆ. ಅವರ ಪಕ್ಕದ ಮನೆಯವರು ಜೂಜಾಡೋ ವೆಬ್‌ಸೈಟಲ್ಲಿ ನಿಮ್ಮ ಅಂಗಡಿ ಹೆಸರು ನೋಡಿದ್ರಂತೆ.”

“ಪಕ್ಕದ ಮನೆಯವರು ಅಲ್ಲಿ ಏನು ಮಾಡ್ತಿದ್ರು ಅಂತ ಕೇಳು.”

“ಅದನ್ನ ಕೇಳೋಕಾಗುತ್ತಾ, ಹಿರಿಯರು ಅವರು. ಅಳಿಯಂದ್ರಿಗೆ ಜೂಜಿನ ಚಟ ಅಂತ ಇಡೀ ಕಟ್ಟಡಕ್ಕೇ ಗೊತ್ತಾಗಿದೆ.”

“ನಿನ್ನ ತಮ್ಮನ್ನ ಕೇಳು, ಅವನೇ ಮಾಡಿಸಿದ್ದು.”

“ಕೇಳ್ದೆ. ಭಾವನೇ ಹಟ ಮಾಡಿದ್ರು, ನಾನು ಬೇಡ ಬೇಡ ಅಂದೆ ಅಂದ.”

ಬೀಗದಣ್ಣ ಫೋನಿಟ್ಟ. ಲಿಂಕು ಮಾರುವವನಿಗೇ ಫೋನು ಮಾಡಿ, ಜೂಜಿನದನ್ನೂ ಎಣ್ಣೆಯದನ್ನೂ ತೆಗೆದುಬಿಡಿ ಎಂದು ಅಂಗಲಾಚಿದ.

“ತೆಗೆಯೋಣ ಸಾರ್, ಅದಕ್ಕೇನಂತೆ,” ಎಂದ ಅವನು ಬಹಳ ಮರ್ಯಾದೆಯಿಂದ. “ತೆಗೆಸೋ ಕಟ್ಟು ಬೇರೆ ಇದೆ. ಹಾಕಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿ. ಹಾಕೋದು ಸುಲಭ, ತೆಗೆಯೋದು ಪರಿಣತರ ಕೆಲಸ. ನಿಮ್ಮ ಕಸುಬಲ್ಲೂ ಹಾಗೇ ಅಲ್ವಾ?”

ಆ ಹೊತ್ತಿಗೆ ಹೊರಗಿನಿಂದ ದೊಡ್ಡ ಗದ್ದಲ ಕೇಳಿತು. ಟೈಲರ್ ಮಾವನ ಫೋನಿನಲ್ಲಿ ಬೀಗದಣ್ಣ ಒಂದನೆಯ ಸ್ಥಾನಕ್ಕೆ ಏರಿದ್ದ. ಕಟಿಂಗ್ ಅಂಗಡಿಯವನ ಫೋನಿನಲ್ಲೂ ಒಂದು, ಹೂಕುಂಡದವಳ ಫೋನಿನಲ್ಲೂ ಒಂದು. ಅವನೂ ತನ್ನದನ್ನು ತೆಗೆದು ನಾಲ್ಕು ಸಲ ಒತ್ತಿ ನೋಡಿದ. ಒಂದು. ಭಾವಮೈದ ಎಲ್ಲಿಂದಲೋ ಪ್ರತ್ಯಕ್ಷನಾಗಿ, ತಾನೇ ಗೆದ್ದವನಂತೆ ಎಲ್ಲರ ಕೈ ಕುಲುಕಿದ. “ಹೇಳಿದ್ನಲ್ಲ ಭಾವ? ಸಾವಿರ ಜನರ ಶಿಫಾರಸು ಅಂದ್ರೆ ಹುಡುಗಾಟ ಅಲ್ಲ.”

ಹದಿನೇಳು ಬರಲಿಲ್ಲವೆಂದು ಆ ಹೆಂಗಸು ಬೈಯಲು ಫೋನು ಮಾಡಿದಾಗಲೂ ಬೀಗದಣ್ಣ ನಗುತ್ತಲೇ ಬೈಸಿಕೊಂಡ. ಜೂಜುಕೋರ ಎನ್ನಲಿ, ಎಣ್ಣೆ ಮಾರುವವ ಎನ್ನಲಿ. ಐದು ಗಂಟೆ ಆಗಿಹೋಗಲಿ.

ಸಂಘದ ಸಭಾಂಗಣದಲ್ಲಿ ಮಡಿಸುವ ಕುರ್ಚಿಗಳು ತುಂಬಿದ್ದವು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಬೀಗದಣ್ಣ ಮುಂದಿನ ಸಾಲಿನಲ್ಲಿ ಕೂತ. ಆಚೆಗೆ ಭಾವಮೈದ, ಈಚೆಗೆ ಟೈಲರ್, ಹಿಂದೆ ಜೆರಾಕ್ಸ್ ಅಕ್ಕ. ಅಧ್ಯಕ್ಷೆ ಕನ್ನಡಕದ ಮೇಲಿನಿಂದ ಸಭೆಯನ್ನು ಒಂದು ಸುತ್ತು ನೋಡಿದರು. ಐವತ್ತು ದಾಟಿದವರೂ ಬೆನ್ನು ನೆಟ್ಟಗೆ ಮಾಡಿ ಕೂತರು.

“ಕಾರ್ಯದರ್ಶಿಗಳೇ, ಟೈಪ್ ಮಾಡಿ.”

ಕಾರ್ಯದರ್ಶಿ ತೆಳ್ಳಗಿನ, ವಿನಯವಂತ ಮನುಷ್ಯ. ಸಂಘದ ಲೆಕ್ಕ, ಪತ್ರ ಎಲ್ಲ ದಿನವೂ ಅದೇ ಕಂಪ್ಯೂಟರಿನಲ್ಲಿ ಅವರೇ ನೋಡುತ್ತಿದ್ದರು. ಒಂದೊಂದೇ ಅಕ್ಷರ ಒತ್ತಿದರು. ಗೋಡೆಯ ಮೇಲೆ ಪಟ್ಟಿ ಮೂಡಿತು.

ಮೊದಲ ಹೆಸರು ಬಣ್ಣದಂಗಡಿಯೊಂದರದು. ‘ಬಣ್ಣ, ಬ್ರಷ್ಷು, ಬೀಗ ಇತ್ಯಾದಿ’ ಎಂದಿತ್ತು. ಎರಡನೆಯದು ದೊಡ್ಡ ಕಂಪನಿ. ಬೀಗದಣ್ಣ ಕಣ್ಣು ಕಿರಿದು ಮಾಡಿ ಹತ್ತರವರೆಗೂ ಹುಡುಕಿದ. ಅವನ ಹೆಸರಿರಲಿಲ್ಲ.

“ಮೇಡಂ,” ಅವನು ಎದ್ದು ನಿಂತ. “ಮೊದಲನೆಯವನು ನಾನು. ಇಲ್ಲಿ ನೋಡಿ, ನನ್ನ ಫೋನಲ್ಲಿ ಇದೆ.”

“ನನ್ನಲ್ಲೂ ಇವನೇ,” ಎಂದರು ಟೈಲರ್.

ಅಧ್ಯಕ್ಷೆ ಎರಡೂ ಫೋನುಗಳನ್ನು ಇಸಿದುಕೊಂಡು ನೋಡಿದರು. ಸಭೆಯವರೆಲ್ಲ ತಂತಮ್ಮ ಫೋನು ತೆಗೆದರು. ಖಜಾಂಚಿಯ ಫೋನಿನಲ್ಲಿ ಅವರ ಷಡ್ಡಕನ ಅಂಗಡಿ ಮೊದಲಿತ್ತು. ಉಪಾಧ್ಯಕ್ಷರ ಫೋನಿನಲ್ಲಿ ಅವರ ಬಾಡಿಗೆದಾರ. ಮೂರನೆಯ ಮಹಡಿಯ ಅಜ್ಜನ ಫೋನಿನಲ್ಲಿ ಬೀಗದ ಬದಲು ಮೊಣಕಾಲಿನ ಪಟ್ಟಿ ಬಂತು. ಅಜ್ಜ ಅದನ್ನೇ ಎಲ್ಲರಿಗೂ ತೋರಿಸಿ ನ್ಯಾಯ ಕೇಳಿದರು.

“ಇದೇನು ಹೀಗೆ?” ಎಂದ ಬೀಗದಣ್ಣ ಹಿಂದಕ್ಕೆ ಬಾಗಿ.

ಜೆರಾಕ್ಸ್ ಅಕ್ಕ ಮೆಲ್ಲಗೆ ಹೇಳಿದಳು. “ಅಣ್ಣ, ನಾವು ಯಾವ ಹೆಸರನ್ನ ಮತ್ತೆ ಮತ್ತೆ ಒತ್ತುತ್ತೀವೋ ಅದನ್ನೇ ನಮ್ಮ ಫೋನು ಮೇಲೆ ತಂದು ತೋರಿಸುತ್ತೆ, ನಮ್ಮನ್ನ ಖುಷಿಪಡಿಸೋಕೆ. ಬೆಳಿಗ್ಗೆಯಿಂದ ನೀವು ಏರಿದ್ದು ಒತ್ತಿದ ಆ ಏಳೆಂಟು ಫೋನಲ್ಲಿ ಮಾತ್ರ. ಈಗ ನನ್ನ ಫೋನಲ್ಲಿ ಹುಡುಕ್ದೆ. ನಾನು ಒತ್ತಿರಲಿಲ್ಲ. ಹನ್ನೆರಡನೇ ಪುಟದವರೆಗೆ ನೋಡ್ದೆ, ನೀವು ಎಲ್ಲೂ ಇಲ್ಲ. ಆ ಸಾವಿರ ಲಿಂಕಿಗೆ ಯಂತ್ರ ನಿಮ್ಮನ್ನ ಒದ್ದು ಹೊರಗೆ ಹಾಕಿದೆ.”

ಭಾವಮೈದನ ಕುರ್ಚಿ ಖಾಲಿಯಾಗಿತ್ತು. ಅವನು ಎದ್ದದ್ದು ಯಾವಾಗ ಎಂದು ಯಾರಿಗೂ ಗೊತ್ತಾಗಲಿಲ್ಲ.

ಅಧ್ಯಕ್ಷೆ ಮೇಜು ಕುಟ್ಟಿದರು. “ಫೋನು ಒಬ್ಬೊಬ್ಬರದು ಒಂದೊಂದು ಹೇಳುತ್ತೆ. ಅದಕ್ಕೇ ಸಂಘದ ಕಂಪ್ಯೂಟರು ಅಂತ ನಾನು ಬರೆದದ್ದು. ಅದು ಯಾರ ಸ್ವಂತದ್ದೂ ಅಲ್ಲ. ಬಣ್ಣದಂಗಡಿಗೇ ಗುತ್ತಿಗೆ.” ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ನಿಷ್ಪಕ್ಷಪಾತವಾದ ಸಭೆ ಹಿಂದೆಂದೂ ನಡೆದಿರಲಿಲ್ಲ ಎಂದು ಕಾರ್ಯದರ್ಶಿ ವಂದನಾರ್ಪಣೆಯಲ್ಲಿ ಹೇಳಿದರು.

ಬೀಗದಣ್ಣ ಮೆಟ್ಟಿಲಿಳಿಯುವಾಗ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಕೊಬ್ಬಿದ ಕೆನ್ನೆಯ, ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಮೆತ್ತಿದ್ದ ಒಬ್ಬ ವ್ಯಕ್ತಿ.

“ನೀವೇ ಅಲ್ವಾ ಬೀಗದೋರು? ಬಣ್ಣದಂಗಡಿ ನನ್ನದೇ. ಭಾವ ಹೇಳಿದ್ರು, ನಿಮ್ಮ ಕೈಕೆಲಸ ಚೆನ್ನಾಗಿದೆ ಅಂತ.”

“ಯಾವ ಭಾವ?”

“ಕಾರ್ಯದರ್ಶಿ. ನಮ್ಮಕ್ಕನ ಯಜಮಾನ್ರು. ಪಾಪ, ನನ್ನ ಅಂಗಡಿ ಪುಟಾನ ದಿನಾ ಬೆಳಿಗ್ಗೆ ಸಂಘದ ಆಫೀಸಿಗೆ ಬಂದ ತಕ್ಷಣ ಅಲ್ಲಿನ ಕಂಪ್ಯೂಟರಲ್ಲಿ ಒಂದು ಸಲ ಒತ್ತಿ ನೋಡ್ತಾರೆ, ಮೂರು ತಿಂಗಳಿಂದ. ಅಕ್ಕನ ಆಜ್ಞೆ.” ಅವನು ಪ್ರೀತಿಯಿಂದ ನಕ್ಕ.

ಬೀಗದಣ್ಣ ತಿರುಗಿ ಸಭಾಂಗಣದ ಬಾಗಿಲು ನೋಡಿದ. ಒಳಗೆ ಹೋಗಿ ಕೂಗಬಹುದಿತ್ತು. ಆದರೆ ಏನೆಂದು ಕೂಗುವುದು? ಕಾರ್ಯದರ್ಶಿ ಒಬ್ಬರೇ ಒಂದು ಬೆರಳಿನಿಂದ ಮಾಡಿದ್ದನ್ನು ಇವನು ಇಡೀ ರಸ್ತೆಯ ಬೆರಳು ಕೂಡಿಸಿ ಮಾಡಿದ್ದ. ಅದರ ಮೇಲೆ ಸಾವಿರ ಸುಳ್ಳು ಸಾಕ್ಷಿ ಬೇರೆ.

“ನನಗೆ ಬಣ್ಣ ಗೊತ್ತು, ಬೀಗ ಗೊತ್ತಿಲ್ಲ,” ಎಂದ ಬಣ್ಣದವನು. “ನಾನೂರು ಬಾಗಿಲು ನೀವೇ ಮಾಡ್ಬೇಕು. ದಿನಗೂಲಿ ಕೊಡ್ತೀನಿ, ಮಧ್ಯಾಹ್ನ ಟೀ ನನ್ನದು. ಆದ್ರೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮ್ಮ ಅಂಗಡಿ ಹೆಸರು ಇಲ್ಲಿ ಯಾರ ಹತ್ರಾನೂ ಎತ್ತಬೇಡಿ. ಆ ಹೆಸರು ಹಾಕಿ ಹುಡುಕಿದ್ರೆ ಜೂಜು, ಕೂದಲೆಣ್ಣೆ ಏನೇನೋ ಬರುತ್ತೆ. ಅದು ನಂದೂ ಅನ್ನೋ ಹಾಗೆ ಆಗ್ಬಾರ್ದು.”

ಬೀಗದಣ್ಣ ಇಸ್ತ್ರಿ ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಮನೆಯಿಂದ ಫೋನು ಬರುತ್ತಿತ್ತು. ಅದನ್ನು ಜೇಬಿನಲ್ಲೇ ಅದುಮಿ ಬಾಯಿ ಮುಚ್ಚಿಸಿದ.

“ಸೋಮವಾರ ಎಷ್ಟು ಗಂಟೆಗೆ ಬರಬೇಕು ಸಾರ್?” ಎಂದು ಕೇಳಿದ.